ಹಗೇವಿನ ಗಾಳಿ

ಬೆಳಿಗ್ಗೆ ಲಿಫ್ಟಿನಲ್ಲಿ ಇಳಿಯುವಾಗಲೇ ವೈಜನಾಥನಿಗೆ ಇವತ್ತು ಏನೋ ಸರಿಯಿಲ್ಲ ಅನ್ನಿಸಿತ್ತು. ಏನು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ನಡುವಿನ ಮಹಡಿಯೊಂದರಲ್ಲಿ ಹತ್ತಿದ ಹುಡುಗಿ, ಕೊರಳಿಗೆ ಸಾಫ್ಟ್‌ವೇರ್ ಕಂಪೆನಿಯ ಪಟ್ಟಿ ಹಾಕಿಕೊಂಡವಳು, ಒಳಗೆ ಬಂದವಳೇ ಮೂಗನ್ನು ಸ್ವಲ್ಪವೇ ಸ್ವಲ್ಪ ಮೇಲೆತ್ತಿ, ಆಮೇಲೆ ಬಾಗಿಲ ಕಡೆ ಮುಖ ಮಾಡಿ ನಿಂತಳು. ಅಷ್ಟೇ. ಅವಳಿಗೆ ನೆಗಡಿ ಇದ್ದಿರಬಹುದು. ಆದರೂ ವೈಜನಾಥ ಮೂಲೆಗೆ ಸರಿದು, ಬೆವರು ಒರೆಸಿಕೊಳ್ಳುವವನ ಹಾಗೆ ಅಂಗಿಯ ತೋಳನ್ನು ಮೂಗಿಗೆ ತಂದುಕೊಂಡ. ಇತ್ತು. ಎಷ್ಟು ಒಗೆದರೂ ಹೋಗದ, ಹುಳಿಗೆ ತಿರುಗಿದ ಜೋಳದ ದಂಟಿನ ಹಾಲಿನ ವಾಸನೆ. ಹೆಂಡತಿ ಐಶ್ವರ್ಯಾ ಅದನ್ನು ಎಂದೂ ಬಾಯಿಬಿಟ್ಟು ಆಡಿದವಳಲ್ಲ. ಅವನ ಬಟ್ಟೆಯನ್ನು ಮಾತ್ರ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಾಳೆ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಹೊರಗೆ ಹೈದರಾಬಾದಿನ ಮಣಿಕೊಂಡದ ಬಿಸಿಲು ಆಗಲೇ ಏರಿ ಕೂತಿತ್ತು. ಎದುರಿನ ಬಂಡೆಗುಡ್ಡದಲ್ಲಿ ಇನ್ನೊಂದು ಅಪಾರ್ಟ್‌ಮೆಂಟಿಗೆ ಜಾಗ ಮಾಡಲು ಸಿಡಿಮದ್ದು ತುಂಬುತ್ತಿದ್ದರು. ಸಿಡಿಸುವ ಮುಂಚೆ ಒಬ್ಬ ಕೆಂಪು ಬಟ್ಟೆ ಬೀಸುತ್ತ ಸೀಟಿ ಊದುತ್ತಾನೆ, ರಸ್ತೆಯಲ್ಲಿದ್ದ ಕಾರು, ಸ್ಕೂಟರು, ಹಾಲಿನವನು ಎಲ್ಲ ನಿಲ್ಲುತ್ತಾರೆ, ಗುಡ್ಡದೊಳಗೆ ಒಂದು ಸದ್ದಾಗುತ್ತದೆ, ಮತ್ತೆ ಎಲ್ಲರೂ ಹೊರಡುತ್ತಾರೆ. ಸೀಟಿ ಊದುವವನ ಮುಖದಲ್ಲಿ ಯಾವ ಸಂಕೋಚವೂ ಇಲ್ಲ. ದೊಡ್ಡ ದೊಡ್ಡ ಕಾರುಗಳಿಗೆ ಅಂಗೈ ತೋರಿಸಿ ತಡೆಯುತ್ತಾನೆ. ಕಂಪೆನಿಯ ವ್ಯಾನು ಬರುವ ತನಕ ವೈಜನಾಥ ಅವನನ್ನೇ ನೋಡುತ್ತ ನಿಂತಿದ್ದ.

ತಾನು ಮಾಡುವ ಕೆಲಸವನ್ನು ಊರಿನವರಿಗೆ ಹೇಳುವುದು ಸುಲಭ, ಈ ಲಿಫ್ಟಿನವರಿಗೆ ಹೇಳುವುದೇ ಕಷ್ಟ. ಸಿಹಿ ಜೋಳದ ದಂಟನ್ನು ಕಬ್ಬಿನ ಹಾಗೆ ಗಾಣಕ್ಕೆ ಕೊಟ್ಟು ಹಾಲು ಹಿಂಡುವುದು, ಆ ಹಾಲಿಗೆ ಯೀಸ್ಟ್ ಬಿಡುವುದು, ಯೀಸ್ಟು ಸಕ್ಕರೆ ತಿಂದು ಮಾಡಿಕೊಟ್ಟ ಮದ್ಯಸಾರವನ್ನು ಭಟ್ಟಿ ಇಳಿಸಿ ಪೆಟ್ರೋಲಿಗೆ ಬೆರೆಸಲು ಮಾರುವುದು. ಪಕ್ಕದ ಸಣ್ಣ ಟ್ಯಾಂಕಿನಲ್ಲಿ ಅದೇ ಹಾಲನ್ನು ಬ್ಯಾಕ್ಟೀರಿಯಾಗಳಿಗೆ ಉಣ್ಣಿಸಿ, ಮೊಸರಿನ ಹುಳಿಯಲ್ಲಿರುವ ಆಮ್ಲವನ್ನೇ ತೆಗೆದು, ಅದರಿಂದ ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಮಾಡುವ ಆಸೆಯೂ ಇತ್ತು. ಆಸೆ ಸೃಜನ್‌ನದು. ಮೈಸೂರಿನವನು, ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಕಂಪೆನಿ ಕಟ್ಟಿ, ಅದನ್ನು ಮಾರಿ, ಊರಾಚೆ ಈ ಕಾರ್ಖಾನೆ ಹಾಕಿದವನು, ವೈಜನಾಥನಿಗಿಂತ ಚಿಕ್ಕವನು. ‘ಯೀಸ್ಟೇ ನಮ್ಮ ಪ್ರೋಗ್ರಾಮರ್. ರಜೆ ಕೇಳಲ್ಲ, ಅಮೆರಿಕಾಗೆ ಓಡಿಹೋಗಲ್ಲ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ, ಬಂದವರೆಲ್ಲ ನಗುತ್ತಿದ್ದರು. ಯೀಸ್ಟು ಮದ್ಯದ ಜೊತೆಗೆ ಇನ್ನೊಂದನ್ನೂ ಕೊಡುತ್ತದೆ, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಬಣ್ಣವಿಲ್ಲದ, ನಾವು ಉಸಿರಾಡುವುದಕ್ಕಿಂತ ಭಾರವಾದ ಗಾಳಿ. ಶೆಡ್ಡಿನ ಹಿಂದೆ ನೆಲದೊಳಗೆ ಒಂದು ಸಿಮೆಂಟಿನ ಟ್ಯಾಂಕು ಇತ್ತು, ಭಟ್ಟಿಗೆ ಹೋಗದೆ ಉಳಿದ ರಸ, ತೊಳೆದ ನೀರು ಎಲ್ಲ ಅಲ್ಲಿಗೆ ಹರಿಯುತ್ತಿತ್ತು. ಎಲ್ಲರೂ ಅದನ್ನು ಬಾವಿ ಅನ್ನುತ್ತಿದ್ದರು. ಉಳಿದ ಸಕ್ಕರೆಯನ್ನು ಉಳಿದ ಯೀಸ್ಟು ಅಲ್ಲೂ ತಿನ್ನುತ್ತಿತ್ತು. ಆ ಗಾಳಿ ಮೇಲೇಳದೆ ಬಾವಿಯ ತಳದಲ್ಲಿ ನೀರಿನ ಹಾಗೆ ತುಂಬಿಕೊಂಡಿರುತ್ತಿತ್ತು. ಬಾವಿಗೆ ಇಳಿಯುವ ಮುಂಚೆ ಬ್ಲೋವರ್ ಹಚ್ಚಿ ಹೊರಗಿನ ಗಾಳಿ ಊದಿಸಲೇಬೇಕು. ಊದಿಸದೆ ಇಳಿದವನು ಏಣಿ ಹತ್ತಿ ಬರುವುದಿಲ್ಲ. ಇದು ವೈಜನಾಥನಿಗೆ ಪುಸ್ತಕದಿಂದ ತಿಳಿದಿದ್ದಲ್ಲ.

ಬೀದರ್ ಕಡೆಯ ಅವನ ಹಳ್ಳಿಮನೆಯ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿದ್ದು, ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಅಗಲ. ಸುಗ್ಗಿಯ ಜೋಳ ತುಂಬಿ, ಹಾಸುಗಲ್ಲು ಎಳೆದು, ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದು. ಕೆಡುವುದು ಒಳಗಿನ ಗಾಳಿ. ಕಲ್ಲು ಸರಿಸಿದ ದಿನ ಸೂರ್ಯಕಾಂತ ಕಾಕಾ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ಕಂದೀಲು ಆರಿತೋ, ಮೇಲೆಳೆದುಕೊಂಡು, ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ. ಬೀಗರು ಬರಲಿ, ಗೌಡ ಬರಲಿ, ಅವಸರ ಮಾಡುತ್ತಿರಲಿಲ್ಲ. ಆರದೆ ಉರಿದರೆ ಮಾತ್ರ ಒಬ್ಬನನ್ನು ಇಳಿಸುವುದು. ಇಳಿದವನನ್ನು ಮೇಲಿದ್ದವನು ಹೆಸರು ಹಿಡಿದು ಕರೆಯುತ್ತಲೇ ಇರಬೇಕು, ಅವನು ಪ್ರತಿ ಸಲವೂ ‘ಓ’ ಅನ್ನಬೇಕು. ‘ಓ’ ತಡವಾದರೆ ಹಗ್ಗ ಎಳೆಯಬೇಕು. ಒಂದು ವರ್ಷ ಓಣಿಯ ಗದಿಗೆಮ್ಮನ ಮನೆಯಲ್ಲಿ ಮದುವೆಯ ಅವಸರಕ್ಕೆ ಕಂದೀಲಿಲ್ಲದೆ ಹಗೇವು ತೆಗೆದರು. ಹಿರಿಮಗ ಇಳಿದ. ಕರೆದರೆ ‘ಓ’ ಅನ್ನಲಿಲ್ಲವೆಂದು ಅವನನ್ನು ಎತ್ತಲು ಕಿರಿಮಗ ಇಳಿದ. ಹಂದರದ ಕೆಳಗೆ ಆಗಲೇ ಶಾವಿಗೆ ಹೊಸೆಯುತ್ತಿದ್ದ ಹೆಂಗಸರು ಎದ್ದು ಓಡಿದ್ದು, ಗದಿಗೆಮ್ಮ ಸಂಜೆಯ ತನಕ ಆ ಬಾಯಿಯ ಹತ್ತಿರ ಕೂತು ಇಬ್ಬರ ಹೆಸರನ್ನೂ ಸರದಿಯ ಮೇಲೆ ಕರೆಯುತ್ತಿದ್ದದ್ದು ಅವನ ಕಿವಿಯಲ್ಲಿ ಇನ್ನೂ ಇದೆ.

ಅದಕ್ಕೇ ಕಾರ್ಖಾನೆಗೆ ಬಂದ ಹೊಸತರಲ್ಲಿ ಅವನು ಅಬಿಡ್ಸ್ ಪೇಟೆಯ ಹಳೆಯ ಅಂಗಡಿಯೊಂದರಲ್ಲಿ ಕಂದೀಲು ಹುಡುಕಿ ತಂದಿದ್ದ. ಅದನ್ನು ಬಾವಿಗೆ ಇಳಿಬಿಡುತ್ತಿದ್ದಾಗ ಸೃಜನ್ ಜನರನ್ನು ಕಟ್ಟಿಕೊಂಡು ಅತ್ತ ಬಂದ. ‘ಏನ್ರೀ ವೈಜನಾಥ್, ಗಂಗಾಪೂಜೆನಾ?’ ಎಲ್ಲರೂ ನಕ್ಕರು. ಆಮೇಲೆ ನಗದೆ, ‘ಆಲ್ಕೋಹಾಲ್ ಫ್ಯಾಕ್ಟರೀಲಿ ಬೆಂಕಿ ಹಿಡ್ಕೊಂಡು ಓಡಾಡ್ತೀರಲ್ಲ, ನಿಮಗೆ ಡಾಕ್ಟರೇಟ್ ಕೊಟ್ಟೋರು ಯಾರ್ರೀ?’ ಅಂದ. ಬೆಂಕಿಯ ಮಾತು ಸರಿಯಾಗಿಯೇ ಇತ್ತು. ವೈಜನಾಥ ಕಂದೀಲು ಮೇಲೆಳೆದುಕೊಂಡು ಬತ್ತಿ ಆರಿಸಿದ. ಮುಂದಿನ ವಾರ ಕೆಟ್ಟ ಗಾಳಿ ಅಳೆಯುವ ಒಂದು ಮೀಟರು ಬಂತು. ಅದನ್ನು ಬಾವಿಯ ಪಕ್ಕದ ಗೋಡೆಗೆ, ಓದಲು ಅನುಕೂಲವಾಗಲೆಂದು ಮುಖದ ಎತ್ತರಕ್ಕೆ ಹೊಡೆದರು. ಕೆಳಗೆ ಬಿದ್ದುಕೊಂಡಿರುವ ಗಾಳಿ ಮುಖದ ಎತ್ತರದಲ್ಲಿ ಹೇಗೆ ಸಿಕ್ಕೀತು ಎಂದು ವೈಜನಾಥ ಒಂದು ಸಲ ಹೇಳಿದ್ದ, ಸಣ್ಣ ದನಿಯಲ್ಲಿ. ಆಮೇಲೆ ಹೇಳಲಿಲ್ಲ. ಮೀಟರಿನ ಹಸಿರು ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಹುಡುಗ ಎಂಜಿನಿಯರುಗಳು ಅವನಿಗೆ ‘ಕಂದೀಲ್ ಸಾಬ್’ ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು, ಕಂದೀಲು ಉಗ್ರಾಣದ ಅಟ್ಟ ಸೇರಿತು.

ಇವತ್ತು ಸಾಲ ಕೊಡುವ ಬ್ಯಾಂಕಿನವರು ಬರುವ ದಿನ. ಗೇಟಿನ ಹತ್ತಿರ ಶಾಮಿಯಾನ ಎದ್ದಿತ್ತು. ವೈಜನಾಥ ವ್ಯಾನಿನಿಂದ ಇಳಿಯುತ್ತಿದ್ದಂತೆ ಸೃಜನ್ ಬಂದು ಅವನ ಭುಜದ ಮೇಲೆ ಕೈಯಿಡಲು ಹೋಗಿ, ಇಡದೆ, ‘ನೀವು ಹಿಂದುಗಡೆ ನೋಡ್ಕೊಂಡ್ಬಿಡಿ, ಆಯ್ತಾ? ಟೆಂಟ್ ಕಡೆ ನಾನು ಮ್ಯಾನೇಜ್ ಮಾಡ್ತೀನಿ’ ಅಂದ. ಕೈ ಯಾಕೆ ಹಿಂದೆ ಹೋಯಿತು? ವಾಸನೆಗೇ? ಅಥವಾ ಅವನಿಗೂ ಅವಸರವಿತ್ತೇ? ವೈಜನಾಥ ಹನ್ನೊಂದರ ಚಹಾದ ತನಕ ಆ ಕೈಯನ್ನೇ ನೆನೆಯುತ್ತಿದ್ದ. ಅಷ್ಟರಲ್ಲಿ ಬಾವಿಯ ತಳದಿಂದ ಕೊಳೆನೀರು ಎತ್ತುವ ಪಂಪು ನಿಂತಿತು. ನಿರಂತರ ಕೇಳುತ್ತಿದ್ದ ಗುರುಗುರು ನಿಂತಾಗಲೇ ಅದು ಅಷ್ಟು ಹೊತ್ತು ಕೇಳುತ್ತಿತ್ತು ಎಂದು ಅವನಿಗೆ ಗೊತ್ತಾಯಿತು.

ಬಾವಿಯ ಮುಚ್ಚಳ ತೆಗೆದು ಅಮರೇಶಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಲಿಂಗಸುಗೂರಿನ ಕಡೆಯವನು, ಗುತ್ತಿಗೆಯ ಕೆಲಸಗಾರ. ಕಾಲುವೆ ನೀರಿನ ಭತ್ತದ ಸೀಮೆಯವನಾದ್ದರಿಂದ ಹಗೇವು ಕಂಡವನಲ್ಲ. ಪಕ್ಕದಲ್ಲಿ ನೀಲಿ ಪಟ್ಟಿಯ ತನ್ನ ಹೊಸ ಚಪ್ಪಲಿಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದ. ಭಾನುವಾರ ದಿಲ್‌ಸುಖ್‌ನಗರದಲ್ಲಿ ಕೊಂಡದ್ದು. ಕೊಳೆಯಾದೀತೆಂದು ಕೆಲಸಕ್ಕೆ ಕೈ ಹಚ್ಚುವ ಮುಂಚೆ ಬಿಟ್ಟು ಇಡುತ್ತಾನೆ.

‘ಪಂಪಿನ ಬಾಯಿಗೆ ದಂಟಿನ ಸಿಪ್ಪಿ ಕುಂತೈತ್ರಿ ಸಾಹೇಬ್ರ. ಇಳದು ತಗದು ಬಂದ್ರ ಆತು.’

‘ಬ್ಲೋವರ್ ಎಲ್ಲೈತಿ?’

‘ಅದನ್ನ ಮುಂಜಾನೇನ ಶಾಮಿಯಾನಕ್ಕ ಒಯ್ದಾರ್ರಿ. ದೊಡ್ಡ ಮಂದಿಗೆ ಸೆಕಿ ಆಗ್ತೈತಂತ.’

‘ಹಂಗಂದ್ರ ಇಳೀಬ್ಯಾಡ.’

‘ಬಾವಿ ತುಂಬಿದ್ರ ಹೊಲಸೆಲ್ಲಾ ಶೆಡ್ಡಿನ್ಯಾಗ ಬರ್ತೈತಿ ನೋಡ್ರಿ. ಆಗಲೇ ಎಂಜಿನಿಯರ್ ದಿನೇಶ ಸಾಹೇಬ್ರು ಬಂದು ಬೈದು ಹೋದ್ರು.’

‘ನಾ ಬ್ಲೋವರ್ ತರ್ತೀನಿ. ನಾ ಬರೂತನಕ ಏಣಿಗೆ ಕಾಲಿಡಬ್ಯಾಡ. ತಿಳೀತೇನು?’

‘ತಿಳೀತ್ರಿ. ಹೋಗಿ ಬರ್ರಿ, ಇಲ್ಲೇ ಕುಂತಿರ್ತೀನಿ.’ ಅಮರೇಶಪ್ಪ ಬಾವಿಯ ಕಡೆ ಬಗ್ಗಿ ನಕ್ಕ. ಯೀಸ್ಟನ್ನು ಅವನು ಯಾವಾಗಲೂ ಮಂದಿ ಅನ್ನುತ್ತಿದ್ದ. ‘ನಿಮ್ಮ ಮಂದಿ ನನಗೇನ ಮಾಡ್ತಾವ್ರಿ, ದಿನಾ ಸಿಹಿ ಕುಡಿಸಿ ಸಾಕೀನಿ.’

ಆಗ ಹೇಳಬೇಕಾಗಿತ್ತು. ಇಳಿದರೆ ಸಾಯುತ್ತೀ ಎಂಬ ಒಂದು ಮಾತು. ನಾಲಗೆಯ ಮೇಲೆ ಬಂದಿತ್ತು ಕೂಡ. ಅದನ್ನು ಹೇಳಿದರೆ ಹಗೇವು ಹೇಳಬೇಕು, ಕಂದೀಲು ಹೇಳಬೇಕು, ಆ ಅಡ್ಡಹೆಸರು ಅಮರೇಶಪ್ಪನ ಬಾಯಿಗೂ ಬಂದುಬಿಟ್ಟರೆ? ಅವನೊಬ್ಬನೇ ಇಲ್ಲಿ ಮನಸಾರೆ ಸಾಹೇಬ್ರ ಅನ್ನುವವನು. ವೈಜನಾಥ ‘ಕುಂತಿರು’ ಎಂದಷ್ಟೇ ಹೇಳಿ ಹೊರಟ.

ಶೆಡ್ಡಿನಿಂದ ಶಾಮಿಯಾನಕ್ಕೆ ದೂರವೇನಿರಲಿಲ್ಲ. ಆದರೆ ನಡೆಯುತ್ತ ನಡೆಯುತ್ತ ಅವನ ಕಾಲು ನಿಧಾನವಾಯಿತು. ಏನೆಂದು ಕೇಳುವುದು? ಸರ್, ಬ್ಲೋವರ್ ಬೇಕು. ಯಾಕೆ? ಬಾವಿಗೆ. ಮೀಟರ್ ಇದೆಯಲ್ಲ? ಅಲ್ಲಿಗೆ ಮುಗಿಯಿತು, ಎಲ್ಲರೂ ನೋಡುತ್ತಾರೆ. ಅಥವಾ ಹೇಳದೆ ಕೇಳದೆ ವೈರು ಕಿತ್ತು ಹೊತ್ತುಕೊಂಡೇ ಬಂದುಬಿಡುವುದು. ಸೀಟಿ ಊದುವವನಾದರೆ ಹಾಗೇ ಮಾಡುತ್ತಿದ್ದ. ಕಾಕಾ ಆಗಿದ್ದರೆ ಬ್ಲೋವರಿನ ಮುಂದೆ ಕೂತವರನ್ನೇ ಎಬ್ಬಿಸುತ್ತಿದ್ದ. ನಾನು ಎಂಥವನು? ಈ ಯೋಚನೆ ಬಂದ ಕೂಡಲೇ ವೈಜನಾಥ ಅದರೊಳಗೇ ಹೊಕ್ಕು, ತನ್ನ ಹೇಡಿತನವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ, ಅದರಲ್ಲೊಂದು ವಿಚಿತ್ರವಾದ ಸುಖವನ್ನೂ ಪಡುತ್ತ, ಶಾಮಿಯಾನದ ಅಂಚಿನಲ್ಲಿ ನಿಂತುಬಿಟ್ಟ. ಒಳಗೆ ಬ್ಲೋವರ್ ಭರ್ರೆಂದು ತಿರುಗುತ್ತಿತ್ತು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಅತಿಥಿಗಳ ತಲೆಗೂದಲು ಹಾರುತ್ತಿತ್ತು. ಯೀಸ್ಟು ರಜೆ ಕೇಳುವುದಿಲ್ಲ ಎಂದು ಸೃಜನ್ ಹೇಳಿದ, ಎಲ್ಲರೂ ನಕ್ಕರು.

ವೈಜನಾಥ ಬಗ್ಗಿ ಸೃಜನ್‌ನ ಕಿವಿಯ ಹತ್ತಿರ ಹೋಗಿ, ‘ಸರ್, ಬ್ಲೋವರ್ ಸ್ವಲ್ಪ…’ ಅಂದ. ಸೃಜನ್ ನಗುವನ್ನು ಕದಲಿಸದೆ ‘ಐದು ನಿಮಿಷ, ವೈಜನಾಥ್’ ಅಂದ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಬ್ಯಾಂಕಿನ ಹಿರಿಯ ಅಧಿಕಾರಿ, ಹನುಮಂತರಾಯರು, ದೊಡ್ಡ ಶರೀರದ ಖುಷಿಯ ಮನುಷ್ಯ, ಇವರು ಯಾರು ಎಂದು ಕೇಳಿದರು. ಸೃಜನ್ ಒಂದು ಕ್ಷಣ ಇಕ್ಕಟ್ಟಿಗೆ ಬಿದ್ದವನಂತೆ ಕಂಡ. ಆಮೇಲೆ ಏನೋ ಹೊಳೆದು ಅವನ ಮುಖ ಅರಳಿತು. ನಮ್ಮ ಫರ್ಮೆಂಟೇಷನ್ ನೋಡಿಕೊಳ್ಳುವವರು, ಇವರ ಕಂದೀಲಿನ ಕಥೆ ನೀವು ಕೇಳಲೇಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ, ಕನ್ನಡದಲ್ಲಿ ಮೆಲ್ಲಗೆ, ‘ಹೇಳಿ ವೈಜನಾಥ್, ಅವರಿಗೆ ಇಷ್ಟ ಆಗತ್ತೆ’ ಅಂದ. ಈ ಸಲ ಕೈ ಭುಜದ ಮೇಲೆ ಬಂತು. ಬಂದು ಅಲ್ಲೇ ಕೂತಿತು.

ವೈಜನಾಥ ಇಂಗ್ಲಿಷಿನಲ್ಲಿ ಶುರುಮಾಡಿ ತಡವರಿಸಿದ. ಹನುಮಂತರಾಯರು ನಗುತ್ತ, ಅರೆ ಸಾಬ್, ಹಿಂದಿಯಲ್ಲಿ ಹೇಳಿ ಅಂದರು. ಹಿಂದಿ ಅಂದದ್ದೇ ತಡ, ಅವನ ಬಾಯಿಂದ ಬೀದರಿನ ದಖ್ಖನಿ ಉರ್ದು ಹೊರಟಿತು, ಸಂತೆಯ ಮಾತು, ಬಾಲ್ಯದ ಮಾತು. ಕನ್ನಡ ಆಡಿದರೆ ಮೈಸೂರಿನವರು ನಗುತ್ತಾರೆ, ಇಂಗ್ಲಿಷ್ ಆಡಿದರೆ ತನಗೇ ನಗು ಬರುತ್ತದೆ. ಇದು ಮಾತ್ರ ಎಷ್ಟು ಸಲೀಸು, ಹೈದರಾಬಾದಿನವರಿಗೆ ಎಷ್ಟು ಇಷ್ಟ. ಹಗೇವು ಎಂದರೇನು ಎಂದು ಕೈಯಲ್ಲಿ ತೋರಿಸಿದ. ಎಲೆಯಡಿಕೆ ತುಂಬಿದ ಬಾಯಲ್ಲಿ ಮಾತಾಡುವ ಕಾಕಾನನ್ನು ಅನುಕರಿಸಿದ. ಕಂದೀಲು ಆರಿದಾಗ ಕಾಕಾ ಅದಕ್ಕೇ ಬೈಯುತ್ತಿದ್ದ ಎಂದ, ಬೈಯುತ್ತಿರಲಿಲ್ಲ. ಕೆಳಗಿನವನು ಬೇಸತ್ತು ‘ಓ’ ಅನ್ನುವುದನ್ನು ಅಂದು ತೋರಿಸಿದ, ಎಲ್ಲರೂ ಜೋರಾಗಿ ನಕ್ಕರು, ಅದಕ್ಕೇ ಇನ್ನೊಂದು ಸಲ ಅಂದ. ಹನುಮಂತರಾಯರು ಕಣ್ಣೊರೆಸಿಕೊಳ್ಳುತ್ತ ತಾವೂ ‘ಓ, ಓ’ ಅಂದರು. ಗದಿಗೆಮ್ಮನ ಮನೆ ಕಥೆಯ ದಾರಿಯಲ್ಲಿ ಎದುರಾಯಿತು; ವೈಜನಾಥ ಪಕ್ಕಕ್ಕೆ ಸರಿದು ಮುಂದೆ ಹೋದ. ಸತ್ತವರನ್ನು ತಂದರೆ ನಗು ನಿಲ್ಲುತ್ತದೆ. ಎಷ್ಟು ವರ್ಷವಾಗಿತ್ತು ಇಷ್ಟು ಜನ ತನ್ನ ಮಾತು ಕೇಳಿ. ಬ್ಲೋವರಿನ ಗಾಳಿ ಅವನ ಮುಖಕ್ಕೂ ತಣ್ಣಗೆ ಬಡಿಯುತ್ತಿತ್ತು, ಅಂಗಿ ಹಾರುತ್ತಿತ್ತು, ವಾಸನೆ ಯಾರಿಗೂ ಬರುತ್ತಿರಲಿಲ್ಲ.

ಆಗ ಶೆಡ್ಡಿನ ಹಿಂದೆ ಪಂಪು ಗುರುಗುಟ್ಟಿತು.

ಸೃಜನ್ ಅದನ್ನು ಕೇಳಿಸಿಕೊಂಡು ತೃಪ್ತಿಯಿಂದ ತಲೆಯಾಡಿಸಿದ. ವೈಜನಾಥನ ಬಾಯಿ ವಾಕ್ಯವನ್ನು ಪೂರ್ತಿಮಾಡಿತು. ಏನಂದಿತೋ ಅವನಿಗೇ ಕೇಳಿಸಲಿಲ್ಲ. ಪಂಪು ತಾನಾಗಿ ಶುರುವಾಗುವುದಿಲ್ಲ. ಸಿಪ್ಪೆಯನ್ನು ಯಾರೋ ಕೈಯಿಂದ ತೆಗೆದಿದ್ದಾರೆ. ಎಂಜಿನಿಯರು ದಿನೇಶ ಶಾಮಿಯಾನದ ಬದಿಯಿಂದ ಬಂದು, ಗೆದ್ದವನ ಹಾಗೆ ಪಿಸುಗುಟ್ಟಿದ: ‘ಪಂಪ್ ಸರಿಹೋಯ್ತು ಸರ್.’

‘ಯಾರು ಇಳದಾರ?’ ದಖ್ಖನಿಯ ಗುಂಗಿನಲ್ಲಿ ಅವನಿಗೆ ಊರ ಕನ್ನಡವೇ ಬಂತು.

‘ಅಮರೇಶಪ್ಪ. ಸಾಹೇಬ್ರು ಬರ್ಲಿ ಅಂತ ಕೂತಿದ್ದ, ನಾನೇ ಮೀಟರ್ ತೋರಿಸ್ದೆ, ಹಸಿರಿತ್ತು. ಒಳಗಿಂದ ಹಚ್ಚ್ರಿ ಅಂತ ಕೂಗ್ದ, ಹೋಗಿ ಸ್ವಿಚ್ ಹಾಕ್ದೆ.’

‘ಮ್ಯಾಲ ಬಂದಾನೇನು?’

‘ಬರ್ತಾನಲ್ಲ ಸರ್.’

ಓಡಬೇಕು. ಈಗಲೇ, ಕುರ್ಚಿಗಳನ್ನು ಕೆಡವಿಕೊಂಡು, ಬ್ಲೋವರಿನ ವೈರು ಕಿತ್ತುಕೊಂಡು. ಅಷ್ಟರಲ್ಲಿ ಹನುಮಂತರಾಯರು ಎದ್ದುನಿಂತು, ಆ ಕಂದೀಲು ಇನ್ನೂ ಇದೆಯೇ, ನಾವು ನೋಡಬಹುದೇ ಎಂದು ಕೇಳಿದರು. ‘ಇವತ್ತೊಂದಿನ ಪರವಾಗಿಲ್ಲ, ತೋರಿಸಿಬಿಡಿ’ ಅಂದ ಸೃಜನ್, ಉಗ್ರಾಣದಿಂದ ತರಲು ದಿನೇಶನನ್ನು ಓಡಿಸಿದ. ವೈಜನಾಥನಿಗೆ ಆ ಗಳಿಗೆಯಲ್ಲಿ ಆದದ್ದು ಹೆದರಿಕೆಯಲ್ಲ, ನಿರಾಳ. ಬಾವಿಗೆ ಹೋಗಲು ಮರ್ಯಾದೆಯ ದಾರಿಯೊಂದು ಸಿಕ್ಕಿಬಿಟ್ಟಿತ್ತು. ಹೇಗೂ ಅಲ್ಲಿಗೇ ಹೋಗುತ್ತಿದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಂದೀಲು ಬಂತು. ಅದರಲ್ಲಿ ಸೀಮೆಎಣ್ಣೆ ಇರಲಿಲ್ಲ, ಎಣ್ಣೆ ತಂದರು. ಬತ್ತಿ ಒಣಗಿತ್ತು, ನೆನೆಯಲು ಬಿಟ್ಟರು. ಅವನು ಕಾದ. ಅಮರೇಶಪ್ಪ ಮೇಲೆ ಬಂದಿರುತ್ತಾನೆ, ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿರುತ್ತಾನೆ, ಬೀಡಿ ಸೇದಲು ಗೇಟಿನಾಚೆ ಹೋಗಿರುತ್ತಾನೆ. ಕಂದೀಲಿನ ಗಾಜು ಒರೆಸುತ್ತ ಇವನ್ನೆಲ್ಲ ಅವನು ಒಂದೊಂದಾಗಿ ಕಂಡ, ಬೀಡಿಯ ಹೊಗೆಯನ್ನೂ ಕಂಡ.

ಕೊನೆಗೆ ಹೊರಟರು. ಮುಂದೆ ಹಗಲು ಬಿಸಿಲಿನಲ್ಲಿ ಉರಿಯುವ ಕಂದೀಲು ಹಿಡಿದು ವೈಜನಾಥ, ಹಿಂದೆ ಅತಿಥಿಗಳು, ದಿಬ್ಬಣದ ಹಾಗೆ. ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಬಾವಿಯ ಬಾಯಿ ತೆರೆದೇ ಇತ್ತು, ಅದರ ಅಂಚಿನಲ್ಲಿ ನೀಲಿ ಪಟ್ಟಿಯ ಚಪ್ಪಲಿಗಳು ಒಂದಕ್ಕೊಂದು ತಾಗಿಕೊಂಡು ಕಾಯುತ್ತಿದ್ದವು. ಏಣಿಯ ಮೇಲಿನ ಮೆಟ್ಟಿಲು ಒಣಗಿತ್ತು. ಒದ್ದೆ ಕಾಲಿನ ಗುರುತು ಅದರ ಮೇಲೆಲ್ಲೂ ಇರಲಿಲ್ಲ.

ಅವನು ಮಂಡಿಯೂರಿ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಬೇರೇನು ಮಾಡಬೇಕೆಂದು ಅವನ ಕೈಗೆ ತಿಳಿಯಲಿಲ್ಲ. ಕಂದೀಲು ಬಾವಿಯ ಗೋಡೆಗೆ ತಾಗುತ್ತ ಇಳಿಯಿತು, ಏಣಿಯ ಅರ್ಧಕ್ಕೂ ಹೋಗಿರಲಿಲ್ಲ, ದೀಪ ಸಣ್ಣದಾಗಿ, ನೀಲಿಯಾಗಿ, ಆರಿತು. ಹಿಂದೆ ಯಾರೋ ವಾಹ್ ಅಂದರು. ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

‘ಅಮರೇಶಪ್ಪಾ’ ಎಂದು ವೈಜನಾಥ ಬಾವಿಯೊಳಗೆ ಕರೆದ. ಪಂಪಿನ ಸದ್ದಿನ ನಡುವೆ ಕಿವಿಗೊಟ್ಟ. ಚಪ್ಪಾಳೆ ನಿಂತು, ಕಥೆಯ ಈ ಭಾಗ ಗೊತ್ತಿದ್ದ ಅತಿಥಿಗಳೂ ಬಗ್ಗಿ ಕಿವಿಗೊಟ್ಟರು.

‘ಅಮರೇಶಪ್ಪಾ…’

‘ಓ’ ಅಂದರು, ಅವನ ಬೆನ್ನ ಹಿಂದಿನಿಂದ, ನಗು ತಡೆದುಕೊಳ್ಳುತ್ತ ಹನುಮಂತರಾಯರು.